ಪೋರ್ಟ್ರೇಟ್ ಸ್ಟುಡಿಯೊಗೆ ಬೇಕಾದ ಗಿರಾಕಿ ಬರೋದು ಹೇಗೆ? ಮೈಸೂರು, ಮಂಡ್ಯ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸದಾಗಿ ಸ್ಟುಡಿಯೊ ಹಾಕಿದವರು, ಮದುವೆ ಫೋಟೊ ತೆಗೆದು ತೆಗೆದು ಸಾಕಾಗಿ ಪೋರ್ಟ್ರೇಟ್ (ವ್ಯಕ್ತಿಯನ್ನೋ ಮನೆಯವರನ್ನೋ ಕೂರಿಸಿ ತೆಗೆಯುವ ಫೋಟೊ) ಕಡೆ ತಿರುಗಿದವರು ಆಗಾಗ ಫೋನ್ ಮಾಡುತ್ತಾರೆ. ಕ್ಯಾಮೆರಾ, ಲೆನ್ಸ್ ಬಗ್ಗೆ ಕೇಳುವವರು ಕಡಿಮೆ. ‘ಜನ ಬರ್ತಾರೆ ಸಾರ್, ರೇಟ್ ಕೇಳಿ ಹೋಗಿಬಿಡ್ತಾರೆ’ ಅನ್ನುವುದೇ ಎಲ್ಲರ ಗೋಳು. ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಒಂದೇ ಕಡೆ ಉತ್ತರ ಬರೆದಿಟ್ಟಿದ್ದೇನೆ. ನಮ್ಮ ಕಡೆಯ ಅನುಭವ ಇದು. ಬೇರೆ ಊರಿನ ಲೆಕ್ಕ ಬೇರೆ ಇರಬಹುದು.

ಬೊಟೀಕ್ ಸ್ಟುಡಿಯೊಗೂ ಮಾಮೂಲಿ ಸ್ಟುಡಿಯೊಗೂ ಏನು ವ್ಯತ್ಯಾಸ?

ಪಾಸ್‌ಪೋರ್ಟ್ ಫೋಟೊ ತೆಗೆಯುವ ಸ್ಟುಡಿಯೊಗೆ ದಿನಕ್ಕೆ ಎಷ್ಟು ಜನ ಬಂದರೆ ಅಷ್ಟು ಲಾಭ. ಬೊಟೀಕ್ ಸ್ಟುಡಿಯೊದಲ್ಲಿ ದಿನಕ್ಕೆ ಒಂದೇ ಮನೆಯವರು. ಮೊದಲು ಕೂತು ಮಾತು, ಯಾವ ಬಟ್ಟೆ ಅನ್ನುವ ಚರ್ಚೆ, ಅರ್ಧ ದಿನ ಶೂಟ್. ಆಮೇಲೆ ಇನ್ನೊಮ್ಮೆ ಕರೆಸಿ ಫೋಟೊ ಆರಿಸುವುದು, ಕೊನೆಗೆ ಫ್ರೇಮೋ ಆಲ್ಬಮ್ಮೋ ಕೈಗೆ ಕೊಡುವುದು. ಒಂದೇ ಮನೆಗೆ ಇಷ್ಟು ಹೊತ್ತು ಕೊಟ್ಟರೆ ರೇಟ್ ಜಾಸ್ತಿ ಆಗಲೇಬೇಕು. ಆಗ ಊರಿನ ಬಹುಪಾಲು ಜನ ನಿಮ್ಮ ಗಿರಾಕಿಗಳಲ್ಲ. ಅದಕ್ಕೆ ಹೆದರಬೇಡಿ. ತಿಂಗಳಿಗೆ ಬೆರಳೆಣಿಕೆಯಷ್ಟು ಮನೆಗಳು ಸಿಕ್ಕಿದರೆ ನಿಮ್ಮ ಅಂಗಡಿ ನಡೆಯುತ್ತದೆ.

ಅಂದರೆ ನಮಗೆ ಬೇಕಾದವರು ಶ್ರೀಮಂತರು, ಅಲ್ವಾ?

ಅಲ್ಲ. ದೊಡ್ಡ ಕಾರಿನಲ್ಲಿ ಬಂದು ಗಂಟೆಗಟ್ಟಲೆ ಚೌಕಾಸಿ ಮಾಡುವವರನ್ನು ನೀವೂ ನೋಡಿರುತ್ತೀರಿ. ಪಿಂಚಣಿಯಲ್ಲಿ ಬದುಕುವ ಮೇಷ್ಟ್ರು ಒಬ್ಬರು ಹೆಂಡತಿ ಜೊತೆ ಷಷ್ಟ್ಯಬ್ದಿ ಫೋಟೊಗೆ ಬಂದು, ಹೇಳಿದ ರೇಟಿಗೆ ತುಟಿ ಪಿಟಕ್ಕೆನ್ನದೆ ಒಪ್ಪಿಕೊಳ್ಳುವುದೂ ಉಂಟು. ದುಡ್ಡು ಇದೆಯೋ ಇಲ್ಲವೋ ಅನ್ನುವುದು ಆಮೇಲಿನ ಮಾತು. ಫೋಟೊ ಬೇಕು ಅನ್ನಲು ಅವರಿಗೊಂದು ಕಾರಣ ಇದೆಯಾ ಅಂತ ಮೊದಲು ನೋಡಬೇಕು.

ಫೋನ್ ಬಂದಾಗ ನಾನು ಸುಮ್ನೆ ಮಾತಾಡುತ್ತಾ ಮೂರು ವಿಷಯ ತಿಳಿದುಕೊಳ್ಳುತ್ತೇನೆ. ಫೋಟೊ ಈಗಲೇ ಯಾಕೆ? ‘ಮಗಳು ಆಗಸ್ಟ್‌ನಲ್ಲಿ ಜರ್ಮನಿಗೆ ಹೊರಟಿದ್ದಾಳೆ’ ಅಂದರೆ ಅದು ಗಟ್ಟಿ ಕಾರಣ. ‘ನಿಮ್ಮ ರೀಲ್ಸ್ ನೋಡಿದ್ವಿ, ಚೆನ್ನಾಗಿತ್ತು’ ಅಂದರೆ ಇನ್ನೂ ಕಾರಣ ಹುಟ್ಟಿಲ್ಲ. ಎರಡನೆಯದು, ಫೋಟೊ ಎಲ್ಲಿ ಹಾಕುತ್ತೀರಿ? ‘ಹಾಲ್‌ನಲ್ಲಿ ಅಪ್ಪನ ಫೋಟೊ ಪಕ್ಕ’ ಅನ್ನುವವರು ಮನಸ್ಸಲ್ಲಿ ಆಗಲೇ ಮೊಳೆ ಹೊಡೆದಾಗಿದೆ.

ಮೂರನೆಯದನ್ನು ಬಹಳ ಜನ ಕೇಳುವುದೇ ಇಲ್ಲ. ತೀರ್ಮಾನ ಯಾರದು? ನಮ್ಮ ಮನೆಗಳಲ್ಲಿ ಫೋನ್ ಮಾಡುವವರು ಒಬ್ಬರು, ದುಡ್ಡು ಕೊಡುವವರು ಇನ್ನೊಬ್ಬರು, ‘ಇದು ಬೇಡ, ಅದು ಇರಲಿ’ ಅನ್ನುವವರು ಮತ್ತೊಬ್ಬರು. ಎಷ್ಟೋ ಸಲ ಆ ಮತ್ತೊಬ್ಬರು ಮನೆಯ ಅಜ್ಜಿ. ಮಗ ಬಂದು ಎಲ್ಲ ಒಪ್ಪಿಕೊಂಡು, ಮನೆಗೆ ಹೋಗಿ ‘ಅಮ್ಮ ಬೇಡ ಅಂದ್ರು’ ಅಂತ ಮೆಸೇಜ್ ಹಾಕಿದರೆ ತಪ್ಪು ಅಮ್ಮನದಲ್ಲ. ಮೊದಲ ಮಾತುಕತೆಗೇ ಅವರನ್ನೂ ಕರೆಸಿ, ಕಾಫಿ ಕೊಟ್ಟು, ಆಲ್ಬಂ ಕೈಗಿಡಿ.

ಮೈಸೂರಿನಲ್ಲಿ ಇಷ್ಟು ದುಡ್ಡು ಕೊಡುವವರು ಇದ್ದಾರಾ? ಅಂಥವರು ಬೆಂಗಳೂರಿಗೆ ಹೋಗುತ್ತಾರಲ್ಲ?

ಇದ್ದಾರೆ. ಈ ಊರಿಗೆ ಚಿತ್ರ ನೋಡುವ ಅಭ್ಯಾಸ ಹಳೆಯದು. ಜಗನ್ಮೋಹನ ಅರಮನೆಯ ರವಿವರ್ಮನ ಚಿತ್ರಗಳನ್ನು ಶಾಲೆಯಿಂದಲೇ ಸಾಲಾಗಿ ಹೋಗಿ ನೋಡಿ ಬಂದವರು ನಾವು. ಅಲ್ಲೇ ಇರುವ, ಹಲ್ದಣ್‌ಕರ್ ಬರೆದ ದೀಪ ಹಿಡಿದ ಹೆಂಗಸಿನ ಚಿತ್ರ ಯಾವ ಮೈಸೂರಿನವರಿಗೆ ಗೊತ್ತಿಲ್ಲ? ‘ಆ ದೀಪದ ಚಿತ್ರದ ಥರ ನಮ್ಮ ಹುಡುಗಿದೂ ಒಂದು ತೆಗೀತೀರಾ’ ಅಂತ ಕೇಳಿಕೊಂಡು ಬರುವವರು ಈಗಲೂ ಇದ್ದಾರೆ. (ಅದು ಎಣ್ಣೆಬಣ್ಣದ್ದಲ್ಲ, ಜಲವರ್ಣ ಅಂದರೆ ಎಷ್ಟೋ ಜನ ನಂಬುವುದಿಲ್ಲ.) ಫೋಟೊ ಪತ್ರಕರ್ತ ಟಿ.ಎಸ್. ಸತ್ಯನ್ 1923ರಲ್ಲಿ ಹುಟ್ಟಿದ್ದೂ 2009ರಲ್ಲಿ ತೀರಿಕೊಂಡದ್ದೂ ಇದೇ ಊರಲ್ಲಿ. ಒಳ್ಳೆ ಫೋಟೊ ಯಾವುದು ಅಂತ ಇಲ್ಲಿಯ ಜನಕ್ಕೆ ಹೇಳಿಕೊಡಬೇಕಾಗಿಲ್ಲ.

ಯಾದವಗಿರಿ, ಸರಸ್ವತಿಪುರಂ, ಕುವೆಂಪುನಗರದ ಮನೆಗಳನ್ನು ನೋಡಿ. ಅಪ್ಪ ಅಮ್ಮ ಇಲ್ಲಿ, ಮಕ್ಕಳು ಹೊರದೇಶದಲ್ಲಿ. ಎಲ್ಲರೂ ಸೇರುವುದು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ. ‘ಈ ಸಲ ಎಲ್ಲರೂ ಇದ್ದೀವಿ, ಒಂದು ಫೋಟೊ ಆಗಲಿ’ ಅನ್ನುವ ಮಾತು ಅಲ್ಲಿ ಹುಟ್ಟುತ್ತದೆ. ಇನ್ನು ಬೆಂಗಳೂರಿನ ವಿಚಾರ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದಮೇಲೆ ರಸ್ತೆ ಎರಡೂ ಕಡೆಗೆ ಹತ್ತಿರವಾಗಿದೆ. ಇಲ್ಲಿಂದ ಅಲ್ಲಿಗೆ ಹೋಗುವವರಿದ್ದ ಹಾಗೆ ಅಲ್ಲಿಂದ ತವರುಮನೆಗೆ ಬಂದು ಇಲ್ಲೇ ಫೋಟೊ ತೆಗೆಸುವವರೂ ಇದ್ದಾರೆ.

ಎಲ್ಲ ಥರದ ಫೋಟೊ ತೆಗೆಯುತ್ತೇವೆ ಅಂತ ಬೋರ್ಡ್ ಹಾಕಿದರೆ ಜಾಸ್ತಿ ಜನ ಬರುವುದಿಲ್ಲವಾ?

ಬರುತ್ತಾರೆ, ಪಾಸ್‌ಪೋರ್ಟ್ ಫೋಟೊಗೆ. ಒಂದೋ ಎರಡೋ ಕೆಲಸಕ್ಕೆ ಹೆಸರು ಮಾಡಿ. ‘ಅದಕ್ಕೆ ಅವರ ಹತ್ತಿರವೇ ಹೋಗಬೇಕು’ ಅಂತ ಜನ ಅನ್ನಬೇಕು.

ನನ್ನ ಮಟ್ಟಿಗೆ ಆ ಕೆಲಸ ಮೊಗ್ಗಿನ ಜಡೆ. ಹಳೆ ಮೈಸೂರಿನ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಮೊಗ್ಗಿನ ಜಡೆ ಹಾಕಿಸಿ, ರೇಷ್ಮೆ ಲಂಗ ಉಡಿಸಿ, ಸ್ಟುಡಿಯೊಗೆ ಕರೆದುಕೊಂಡು ಹೋಗಿ, ಹಿಂದೆ ಕನ್ನಡಿ ಇಟ್ಟು ಮುಖವೂ ಜಡೆಯೂ ಕಾಣುವ ಹಾಗೆ ಫೋಟೊ ತೆಗೆಸುತ್ತಿದ್ದರು. ನಿಮ್ಮ ಅಮ್ಮನದೋ ಅತ್ತೆಯದೋ ಕಪ್ಪು ಬಿಳುಪಿನ ಅಂಥದೊಂದು ಫೋಟೊ ಬೀರುವಿನಲ್ಲಿ ಇದ್ದೇ ಇರುತ್ತದೆ. ಈಗಿನ ಅಮ್ಮಂದಿರು ಅದೇ ಫೋಟೊ ಹಿಡಿದುಕೊಂಡು ಬಂದು ‘ನನ್ನ ಮಗಳಿಗೂ ಹೀಗೇ ಬೇಕು’ ಅನ್ನುತ್ತಾರೆ. ಅವರಿಗೆ ಕಾರಣ ಇದೆ, ಹಾಕಲು ಜಾಗ ಇದೆ, ತೀರ್ಮಾನವೂ ಅವರದೇ. ಇದಕ್ಕಿಂತ ಒಳ್ಳೆ ಗಿರಾಕಿ ಎಲ್ಲಿ ಸಿಗಬೇಕು?

ಈ ಫೋಟೊ ನೋಡಿದಷ್ಟು ಸುಲಭ ಅಲ್ಲ. ಕನ್ನಡಿಯನ್ನು ಮಗುವಿನ ಹಿಂದೆ ನೇರವಾಗಿ ಇಟ್ಟರೆ ಅದರಲ್ಲಿ ಕಾಣುವುದು ನೀವು ಮತ್ತು ನಿಮ್ಮ ಟ್ರೈಪಾಡ್. ಸ್ವಲ್ಪ ಓರೆಯಾಗಿ ತಿರುಗಿಸಿ, ಲೈಟ್ ಅದರೊಳಗೆ ಬೀಳದ ಕಡೆ ಇಡಬೇಕು. ಇನ್ನೊಂದು ತೊಡಕು ಫೋಕಸ್‌ದು. ಕನ್ನಡಿಯಲ್ಲಿರುವ ಜಡೆ ಮುಖದ ಹತ್ತಿರವೇ ಇರುವಂತೆ ಕಂಡರೂ ಕ್ಯಾಮೆರಾ ಲೆಕ್ಕದಲ್ಲಿ ದೂರ ಇರುತ್ತದೆ. ಕ್ಯಾಮೆರಾದಿಂದ ಕನ್ನಡಿಗೆ, ಅಲ್ಲಿಂದ ವಾಪಸ್ ಜಡೆಗೆ, ಎರಡೂ ದೂರ ಕೂಡಬೇಕು. ಹಿನ್ನೆಲೆ ಮಸುಕಾಗಿರಲಿ ಅಂತ ಎಫ್ 2ರಲ್ಲಿ, ಅಂದರೆ ಲೆನ್ಸಿನ ಕಿಂಡಿ ದೊಡ್ಡದಾಗಿ ತೆರೆದು, ತೆಗೆದರೆ ಮುಖ ಸರಿಯಾಗಿ ಬಂದು ಜಡೆ ಹತ್ತಿಯ ಉಂಡೆ ಆಗುತ್ತದೆ. ಕಿಂಡಿ ಚಿಕ್ಕದು ಮಾಡಿ ಎಫ್ 8, ಎಫ್ 11ಕ್ಕೆ ಹೋಗಿ, ಲೈಟ್ ಜಾಸ್ತಿ ಮಾಡಿಕೊಳ್ಳಿ. ಹೊತ್ತೂ ನೋಡಿಕೊಳ್ಳಬೇಕು. ಮಲ್ಲಿಗೆ ಮೊಗ್ಗು ಸಂಜೆಗೆ ಅರಳುತ್ತದೆ. ಅರಳಿದ ಮೇಲೆ ಜಡೆಯ ನೇಯ್ಗೆ ಕೆಡುತ್ತದೆ, ಮಗುವಿನ ಮೂಡೂ ಕೆಡುತ್ತದೆ. ಮಧ್ಯಾಹ್ನದೊಳಗೆ ಮುಗಿಸಿ. ಇದನ್ನೆಲ್ಲ ಬುಕಿಂಗ್ ಸಮಯದಲ್ಲೇ ತಾಯಿಗೆ ಹೇಳಿದರೆ, ಇವರಿಗೆ ಕೆಲಸ ಗೊತ್ತು ಅಂತ ಅವರಿಗೆ ಅಲ್ಲೇ ಗೊತ್ತಾಗುತ್ತದೆ. ರೇಟಿನ ಮಾತು ಆಮೇಲೆ ಹಗುರ.

ನೀವು ಇದನ್ನೇ ಹಿಡಿಯಬೇಕು ಅಂತಿಲ್ಲ. ರಂಗಪ್ರವೇಶದ ಫೋಟೊ, ಸೀಮಂತ, ಎಂಬತ್ತು ತುಂಬಿದವರ ಸಹಸ್ರ ಚಂದ್ರ ದರ್ಶನ, ವೀಣೆ ಪಿಟೀಲಿನವರ ಕಛೇರಿ ಫೋಟೊ, ಯಾವುದಾದರೂ ಸರಿ. ಮೈಸೂರು ಸಿಲ್ಕ್ ಉಟ್ಟವರ ಫೋಟೊ ಚೆನ್ನಾಗಿ ತೆಗೆಯುತ್ತಾರೆ ಅನ್ನುವ ಹೆಸರೂ ಸಣ್ಣದಲ್ಲ. ಮುಂದಿನಿಂದ ಫ್ಲ್ಯಾಷ್ ಹೊಡೆದು ಜರಿಯನ್ನು ಬೆಳ್ಳಗೆ ಸುಟ್ಟುಹಾಕುವವರೇ ಜಾಸ್ತಿ. ಪಕ್ಕದಿಂದ ದೊಡ್ಡ ಸಾಫ್ಟ್‌ಬಾಕ್ಸ್ (ಬೆಳಕನ್ನು ಮೆತ್ತಗೆ ಮಾಡುವ ಬಟ್ಟೆಯ ಡಬ್ಬಿ) ಇಟ್ಟರೆ ಬಟ್ಟೆಯ ಮಿರುಗು ಹಾಗೇ ಉಳಿಯುತ್ತದೆ. ಸೀರೆಯ ಬೆಲೆ ಗೊತ್ತಿರುವವರಿಗೆ ಆ ವ್ಯತ್ಯಾಸ ತಕ್ಷಣ ಕಾಣುತ್ತದೆ.

ರೇಟ್ ಹೇಗೆ ಇಡುವುದು?

ಪಕ್ಕದ ಸ್ಟುಡಿಯೊ ನೋಡಿ ಇಡಬೇಡಿ. ನಿಮ್ಮ ಖರ್ಚು ನೋಡಿ ಇಡಿ. ಉದಾಹರಣೆಗೆ ಬಾಡಿಗೆ, ಕರೆಂಟು, ಅಸಿಸ್ಟೆಂಟ್ ಸಂಬಳ, ಕ್ಯಾಮೆರಾ ಸಾಲದ ಕಂತು, ಮನೆ ನಡೆಸಲು ನಿಮಗೆ ಬೇಕಾದ ಸಂಬಳ ಎಲ್ಲ ಸೇರಿ ತಿಂಗಳಿಗೆ 90,000 ರೂಪಾಯಿ ಅಂತಿಟ್ಟುಕೊಳ್ಳಿ. ಒಂದು ಮನೆಯ ಕೆಲಸಕ್ಕೆ ಮಾತುಕತೆ, ಶೂಟ್, ರೀಟಚ್, ಆರಿಸುವುದು, ಫ್ರೇಮಿನವರ ಹಿಂದೆ ಓಡಾಟ ಎಲ್ಲ ಸೇರಿ ನಾಲ್ಕು ದಿನ ಹಿಡಿಯುತ್ತದೆ. ತಿಂಗಳಿಗೆ 24 ದಿನ ಕೆಲಸ ಅಂದರೆ ಆರು ಮನೆ. ಮನೆಗೆ 15,000 ಆಯಿತು. ಅದರ ಮೇಲೆ ಪ್ರಿಂಟು, ಫ್ರೇಮು, ಆಲ್ಬಮ್ಮಿನ ಖರ್ಚು 8,000 ಅಂದರೆ 23,000. ಇದು ಬರೀ ಅಸಲು. ಈಗ ‘ಐದು ಸಾವಿರಕ್ಕೆ ಮಾಡಿಕೊಡಿ’ ಅಂದವರಿಗೆ ಹೂಂ ಅಂದರೆ ಉಳಿದದ್ದನ್ನು ಕೊಡುವವರು ನಿಮ್ಮ ಹೆಂಡತಿ ಮಕ್ಕಳು.

ಶೂಟ್ ಫೀಸ್ ಬೇರೆ, ಪ್ರಿಂಟ್ ಮತ್ತು ಆಲ್ಬಂ ಬೇರೆ ಇಡುವುದು ನನಗೆ ಸರಿ ಅನ್ನಿಸುತ್ತದೆ. ಶೂಟ್ ಫೀಸ್ ಅಡ್ವಾನ್ಸ್ ಆಗಿ ಬರಲಿ. ಅಡ್ವಾನ್ಸ್ ಇಲ್ಲದೆ ಡೇಟ್ ಬರೆದುಕೊಳ್ಳಬೇಡಿ, ನೆಂಟರಾದರೂ ಸರಿ.

ರೇಟನ್ನು ವೆಬ್‌ಸೈಟಿನಲ್ಲಿ, ಇನ್‌ಸ್ಟಾದಲ್ಲಿ ಹಾಕಬೇಕಾ?

ಪೂರ್ತಿ ಪಟ್ಟಿ ಬೇಡ. ‘ಶೂಟ್ ಇಷ್ಟು, ಫ್ರೇಮ್ ಇಷ್ಟರಿಂದ ಶುರು’ ಅನ್ನುವ ಎರಡು ಸಾಲು ಸಾಕು. ‘ರೇಟಿಗೆ ಡಿಎಂ ಮಾಡಿ’ ಅಂತ ಬರೆಯುವುದು ನಮ್ಮ ಕಸುಬಿನಲ್ಲೊಂದು ಚಟ. ಅದರಿಂದ ಎರಡೂ ಕಡೆಗೆ ನಷ್ಟ. ಕೊಡಲಾಗದವರು ಸುಮ್ನೆ ಕೇಳಿ ಮುಜುಗರ ಪಡುತ್ತಾರೆ. ಕೊಡುವವರು ಕೇಳಲು ಸಂಕೋಚಪಟ್ಟು ಮುಂದೆ ಹೋಗುತ್ತಾರೆ. ಮೈಸೂರಿನವರ ಸಂಕೋಚ ನಿಮಗೆ ಗೊತ್ತೇ ಇದೆ.

‘ಫ್ರೇಮ್ ಎಲ್ಲ ಬೇಡ, ಸಾಫ್ಟ್ ಕಾಪಿ ಕೊಟ್ಬಿಡಿ’ ಅನ್ನುವವರಿಗೆ ಏನು ಹೇಳುವುದು?

ವಾದ ಮಾಡಬೇಡಿ. ಪ್ರಿಂಟ್ ಕೈಗೆ ಕೊಡಿ. ಒಳ್ಳೆ ಮ್ಯಾಟ್ ಪೇಪರಿನಲ್ಲಿ ತೆಗೆಸಿದ ದೊಡ್ಡ ಪ್ರಿಂಟ್ ಒಂದನ್ನು ಕಿಟಕಿ ಹತ್ತಿರ ಹಿಡಿದು ನೋಡಿದವರು ಪೆನ್‌ಡ್ರೈವ್ ಮಾತು ಎತ್ತುವುದು ಕಡಿಮೆ.

ಸೈಜಿನ ವಿಷಯದಲ್ಲಿ ಎಲ್ಲರಿಗೂ ಅಂದಾಜು ತಪ್ಪುತ್ತದೆ. ಕೈಯಲ್ಲಿ ಹಿಡಿದಾಗ 12x18 ಇಂಚು ದೊಡ್ಡದು ಅನ್ನಿಸುತ್ತದೆ. ಮೂರು ಜನ ಕೂರುವ ಸೋಫಾ ಮೇಲಿನ ಗೋಡೆಗೆ ಹಾಕಿದರೆ ಅಂಚೆಚೀಟಿ. ಅದಕ್ಕೇ ಮೊದಲೇ ಅವರ ಗೋಡೆಯ ಫೋಟೊ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ. ಹಳೆ ಪೇಪರನ್ನು 12x18, 20x30 ಅಳತೆಗೆ ಕತ್ತರಿಸಿ, ಟೇಪ್ ಹಾಕಿ ಅದೇ ಗೋಡೆಗೆ ಅಂಟಿಸಿ ನೋಡಲು ಹೇಳಿ. ಅವರೇ ದೊಡ್ಡದು ಕೇಳುತ್ತಾರೆ. ನೀವು ಮಾರಬೇಕಾಗಿಲ್ಲ. ಒಂದು ಲೆಕ್ಕ ನೆನಪಿರಲಿ: 24 ಮೆಗಾಪಿಕ್ಸೆಲ್ ಕ್ಯಾಮೆರಾದ 6000x4000 ಫೈಲು, ಇಂಚಿಗೆ 300 ಚುಕ್ಕೆಯಂತೆ, 20x13 ಇಂಚಿಗೆ ಬರುತ್ತದೆ. ಗೋಡೆಯ ಚಿತ್ರವನ್ನು ದೂರ ನಿಂತು ನೋಡುವುದರಿಂದ ಇನ್ನೂ ದೊಡ್ಡದಕ್ಕೆ ಧೈರ್ಯವಾಗಿ ಹೋಗಬಹುದು. ಅದೇ ಫೈಲು ನಾಲ್ಕು ಜನರ ವಾಟ್ಸಾಪ್ ಸುತ್ತಿ ಬಂದರೆ ಪೋಸ್ಟ್‌ಕಾರ್ಡಿಗೆ ಸಾಕಾದರೆ ಪುಣ್ಯ.

ಆದರೂ ಸಾಫ್ಟ್ ಕಾಪಿ ಕೊಡುವುದೇ ಇಲ್ಲ ಅಂತ ಹಟ ಬೇಡ. ಕೊಂಡ ಪ್ರಿಂಟಿನ ಜೊತೆ ಅದರ ಫೈಲೂ ಕೊಡಿ. ಅಮೆರಿಕದಲ್ಲಿರುವ ಮಗನಿಗೂ ಬೇಕಲ್ಲ.

ಇನ್‌ಸ್ಟಾಗ್ರಾಂನಲ್ಲಿ ಲೈಕ್ ಬರುತ್ತವೆ, ಬುಕಿಂಗ್ ಬರುವುದಿಲ್ಲ. ಯಾಕೆ?

ಲೈಕ್ ಒತ್ತಿದವರ ಹೆಸರು ಓದಿ ನೋಡಿ. ಅರ್ಧಕ್ಕರ್ಧ ನಮ್ಮ ಕಸುಬಿನವರೇ ಇರುತ್ತಾರೆ. ಲೈಟಿಂಗ್ ಸೆಟಪ್, ಬಿಫೋರ್ ಆಫ್ಟರ್ ಹಾಕಿದರೆ ನೋಡುವವರು ಫೋಟೊಗ್ರಾಫರ್‌ಗಳು. ಗಿರಾಕಿಗೆ ಬೇಕಾದದ್ದು ಬೇರೆ. ಫ್ರೇಮ್ ಮನೆಯ ಗೋಡೆಗೆ ಹೋದ ಮೇಲಿನ ಫೋಟೊ ಹಾಕಿ. ಎರಡು ವರ್ಷದ ಮಗು ಅಳದೆ ಕೂರಲು ನೀವೇನು ಮಾಡುತ್ತೀರಿ ಅಂತ ಬರೆಯಿರಿ. ‘ದಪ್ಪ ಇದ್ದೀನಿ, ಫೋಟೊ ಚೆನ್ನಾಗಿ ಬರಲ್ಲ’ ಅನ್ನುವ ಅಂಜಿಕೆಗೆ ಉತ್ತರ ಕೊಡಿ. ಕನ್ನಡದಲ್ಲಿ ಬರೆಯಿರಿ. ತೀರ್ಮಾನ ಮಾಡುವ ಅಮ್ಮ, ಅತ್ತೆ ಓದುವುದು ಅದನ್ನೇ.

ಇನ್‌ಸ್ಟಾಕ್ಕಿಂತ ಗೂಗಲ್ ಮ್ಯಾಪ್‌ನ ನಿಮ್ಮ ಪುಟಕ್ಕೆ ಜಾಸ್ತಿ ಗಮನ ಕೊಡಿ. ಇನ್‌ಸ್ಟಾದಲ್ಲಿ ಜನ ಹೊತ್ತು ಕಳೆಯುತ್ತಾರೆ, ಗೂಗಲ್‌ನಲ್ಲಿ ಹುಡುಕುವವರಿಗೆ ಕೆಲಸ ಇರುತ್ತದೆ. ಸ್ಟುಡಿಯೊ ಒಳಗಿನ ಫೋಟೊ, ಕಾರ್ ಎಲ್ಲಿ ನಿಲ್ಲಿಸಬೇಕು, ಮೆಟ್ಟಿಲು ಎಷ್ಟು, ಲಿಫ್ಟ್ ಇದೆಯಾ, ಎಲ್ಲ ಇರಲಿ. ಅಜ್ಜ ಅಜ್ಜಿಯನ್ನು ಕರೆತರುವವರು ಮೊದಲು ನೋಡುವುದೇ ಮೆಟ್ಟಿಲನ್ನು. ರಿವ್ಯೂ ಕೇಳಿ, ಆದರೆ ರಿವ್ಯೂ ಹಾಕಿದರೆ ಡಿಸ್ಕೌಂಟ್ ಅನ್ನಬೇಡಿ. ಗೂಗಲ್ ನಿಯಮದಲ್ಲಿ ಅದಕ್ಕೆ ಅವಕಾಶ ಇಲ್ಲ.

ಬಾಯಿಂದ ಬಾಯಿಗೆ ಹೆಸರು ಹರಡಲಿ ಅಂತ ಸುಮ್ಮನೆ ಕಾಯಬೇಕಾ?

ಕಾಯಬೇಡಿ, ದಾರಿ ಮಾಡಿಕೊಡಿ. ಭರತನಾಟ್ಯ ಹೇಳಿಕೊಡುವ ಗುರುಗಳೊಬ್ಬರ ಒಂದು ಪೋರ್ಟ್ರೇಟ್ ಪೂರ್ತಿ ವೇಷದಲ್ಲಿ ತೆಗೆದು, ಚೆನ್ನಾಗಿ ಫ್ರೇಮ್ ಹಾಕಿಸಿ, ಅವರ ಕ್ಲಾಸಿನ ಹಜಾರಕ್ಕೆ ಕೊಡಿ. ಕೆಳಗೆ ಚಿಕ್ಕದಾಗಿ ನಿಮ್ಮ ಹೆಸರು. ಮಕ್ಕಳ ಕ್ಲಾಸ್ ಮುಗಿಯುವ ತನಕ ತಾಯಂದಿರು ಅದೇ ಗೋಡೆ ನೋಡಿಕೊಂಡು ಕೂತಿರುತ್ತಾರೆ. ಮುಂದೆ ರಂಗಪ್ರವೇಶದ ಮಾತು ಬಂದಾಗ ಹುಡುಕುವುದು ಆ ಹೆಸರನ್ನೇ. ಮೊಗ್ಗಿನ ಜಡೆ ಹಾಕುವವರು, ಮೇಕಪ್‌ನವರು, ರೇಷ್ಮೆ ಸೀರೆ ಅಂಗಡಿಯವರು, ಹೆರಿಗೆ ಡಾಕ್ಟರ ಕ್ಲಿನಿಕ್ಕು, ಎಲ್ಲ ಕಡೆಗೂ ಇದೇ ದಾರಿ. ಕಮಿಷನ್ ಕೊಟ್ಟು ಕಳಿಸಿಕೊಂಡ ಗಿರಾಕಿಗೆ ನಿಮ್ಮ ಕೆಲಸ ಗೊತ್ತಿರುವುದಿಲ್ಲ, ಆಫರ್ ಗೊತ್ತಿರುತ್ತದೆ.

ಹಬ್ಬಕ್ಕೆ ಡಿಸ್ಕೌಂಟ್ ಕೊಡಬಹುದಾ?

ಬೇಡ. ಹೋದ ತಿಂಗಳು ಪೂರ್ತಿ ರೇಟ್ ಕೊಟ್ಟವರ ನಾದಿನಿ ಈ ತಿಂಗಳು ಅರ್ಧ ರೇಟಿಗೆ ತೆಗೆಸಿದರೆ ಆ ಮನೆಯಲ್ಲಿ ನಿಮ್ಮ ಹೆಸರು ಏನಾಗುತ್ತದೆ ಯೋಚಿಸಿ. ಏನಾದರೂ ಕೊಡಲೇಬೇಕು ಅನ್ನಿಸಿದರೆ ಅಜ್ಜಿಗೆ ಅಂತ ಒಂದು ಸಣ್ಣ ಫ್ರೇಮ್ ಜಾಸ್ತಿ ಕೊಡಿ.

ಆಷಾಢದಲ್ಲಿ, ಧನುರ್ಮಾಸದಲ್ಲಿ ಕೆಲಸವೇ ಇರುವುದಿಲ್ಲವಲ್ಲ?

ಅದು ಮದುವೆ ಫೋಟೊದವರ ಮಾತು. ಪೋರ್ಟ್ರೇಟ್‌ನವರಿಗೆ ಆಷಾಢ ಒಳ್ಳೆ ಕಾಲ. ಹೊಸದಾಗಿ ಮದುವೆಯಾದ ಹುಡುಗಿ ಆಷಾಢಕ್ಕೆ ತವರಿಗೆ ಬಂದಿರುತ್ತಾಳೆ. ತಾಯಿ ಮಗಳ ಫೋಟೊಗೆ ಇದಕ್ಕಿಂತ ಒಳ್ಳೆ ಹೊತ್ತು ಇಲ್ಲ. ಧನುರ್ಮಾಸ ಡಿಸೆಂಬರ್ ಮಧ್ಯದಿಂದ ಜನವರಿ ಮಧ್ಯದವರೆಗೆ. ಹೊರದೇಶದಲ್ಲಿರುವವರು ರಜಕ್ಕೆ ಊರಿಗೆ ಬರುವುದೂ ಆಗಲೇ. ಅವರಿಗೆ ಅಕ್ಟೋಬರ್‌ನಲ್ಲೇ ಒಂದು ಮೆಸೇಜ್ ಹೋಗಬೇಕು. ವಿಮಾನ ಇಳಿದ ಮೇಲೆ ಅವರಿಗೆ ಪುರುಸೊತ್ತು ಇರುವುದಿಲ್ಲ.

ದಸರಾದಲ್ಲಿ ಮನೆ ತುಂಬ ನೆಂಟರು, ಗೊಂಬೆ ಬೇರೆ ಕೂರಿಸಿರುತ್ತಾರೆ. ಮನೆಗೇ ಹೋಗಿ ಗೊಂಬೆ ಮುಂದೆ ತೆಗೆಯುವ ಫ್ಯಾಮಿಲಿ ಫೋಟೊಗೆ ಬೇಡಿಕೆ ಇದೆ. ಜಂಬೂಸವಾರಿ ದಿನ ಮಾತ್ರ ಬುಕಿಂಗ್ ಇಟ್ಟುಕೊಳ್ಳಬೇಡಿ. ಊರೊಳಗೆ ಗಾಡಿ ಅಲ್ಲಾಡುವುದಿಲ್ಲ. ಪಿತೃಪಕ್ಷದಲ್ಲಿ ಯಾರೂ ಬರುವುದಿಲ್ಲ, ಬಾಕಿ ಎಡಿಟಿಂಗ್ ಮುಗಿಸಿಕೊಳ್ಳಿ.

ಅರಮನೆ ಮುಂದೆ ಶೂಟ್ ಮಾಡಿಸಿ ಅನ್ನುತ್ತಾರೆ. ಮಾಡಬಹುದಾ?

ಅರಮನೆ ಇರಲಿ, ಮೃಗಾಲಯದ ಕೈಕೆಳಗಿರುವ ಕಾರಂಜಿ ಕೆರೆ ಇರಲಿ, ದುಡ್ಡಿಗೆ ಮಾಡುವ ಶೂಟ್‌ಗೆ ಮೊದಲೇ ಹೋಗಿ ಅನುಮತಿ ಕೇಳಿ. ಲೈಟ್ ಸ್ಟ್ಯಾಂಡ್ ನೆಟ್ಟ ಮೇಲೆ ಗಾರ್ಡ್ ಬಂದು ಎಬ್ಬಿಸಿದರೆ ಗಿರಾಕಿ ಮುಂದೆ ನಿಮ್ಮ ಮರ್ಯಾದೆ ಹೋಗುತ್ತದೆ. ನನ್ನನ್ನು ಕೇಳಿದರೆ ಅವರ ಮನೆ ಹಿತ್ತಿಲು ಅರಮನೆಗಿಂತ ಒಳ್ಳೆಯದು. ಹತ್ತು ವರ್ಷ ಬಿಟ್ಟರೂ ಅರಮನೆ ಹಾಗೇ ಇರುತ್ತದೆ. ಆ ಹಿತ್ತಿಲ ಸೀಬೆಮರ ಇರುತ್ತದೆ ಅಂತ ಹೇಳಲಾಗುವುದಿಲ್ಲ.

ಮಂಡ್ಯದಲ್ಲಿದ್ದೇನೆ. ಇಲ್ಲಿ ಇದು ನಡೆಯುತ್ತದಾ, ಮೈಸೂರಿಗೇ ಬರಬೇಕಾ?

ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಬಾಡಿಗೆ ಕಡಿಮೆ ಇರುವ ಕಡೆ ಸ್ಟುಡಿಯೊ ಇದ್ದರೆ ನಿಮಗೇ ಲಾಭ. ಮಂಡ್ಯ ಸೀಮೆಯವರು ಒಪ್ಪುವುದು ನಿಧಾನ. ಒಪ್ಪಿದರೆ ದೊಡ್ಡಪ್ಪ ಚಿಕ್ಕಪ್ಪನವರನ್ನೆಲ್ಲ ಸೇರಿಸಿಕೊಂಡೇ ಬರುತ್ತಾರೆ. ಎಷ್ಟು ಜನ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಹಳ್ಳಿಯಲ್ಲಿ ಹಳೆ ತೊಟ್ಟಿ ಮನೆ ಇದ್ದರೆ ಅಲ್ಲಿಗೇ ಹೋಗಿ. ಯಾವ ಸ್ಟುಡಿಯೊದಲ್ಲೂ ಅಂಥ ಬೆಳಕು ಸಿಗುವುದಿಲ್ಲ. ತೊಟ್ಟಿಯ ಬಿಸಿಲಲ್ಲಿ ನಿಲ್ಲಿಸಬೇಡಿ. ಕಂಬದ ಈಚೆ, ಜಗಲಿಯ ನೆರಳಲ್ಲಿ, ಮುಖ ತೊಟ್ಟಿ ಕಡೆಗೆ ಇರುವ ಹಾಗೆ ಕೂರಿಸಿ. ಮೇಲಿಂದ ಬಿದ್ದ ಬೆಳಕು ನೆಲಕ್ಕೆ ತಾಗಿ ಮೆತ್ತಗೆ ಮುಖಕ್ಕೆ ಬರುತ್ತದೆ. ಕಣ್ಣ ಕೆಳಗಿನ ಸುಕ್ಕೂ ಚೆಂದ ಕಾಣುತ್ತದೆ.

ಗಿರಾಕಿಯ ಫೋಟೊವನ್ನು ಕೇಳದೆ ಇನ್‌ಸ್ಟಾದಲ್ಲಿ ಹಾಕಬಹುದಾ? ತೆಗೆದವನು ನಾನೇ ಅಲ್ವಾ?

ಹಾಕಬೇಡಿ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಯಾರಾದರೂ ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೊಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಹಕ್ಕುದಾರರು ತೆಗೆಸಿದವರೇ. ಬಹಳ ಜನ ಇದನ್ನು ತಲೆಕೆಳಗು ಮಾಡಿಕೊಂಡಿದ್ದಾರೆ. ಬುಕಿಂಗ್ ಫಾರಂನಲ್ಲೇ ಕೇಳಿ, ಸಹಿ ಹಾಕಿಸಿಕೊಳ್ಳಿ: ಸ್ಟುಡಿಯೊದಲ್ಲಿ ತೋರಿಸಬಹುದಾ, ಇನ್‌ಸ್ಟಾದಲ್ಲಿ ಹಾಕಬಹುದಾ, ಎರಡೂ ಬೇಡವಾ. ಮಕ್ಕಳ, ಬಸುರಿಯರ ಫೋಟೊ ಆದರೆ ಹಾಕುವ ಮುಂಚೆ ಇನ್ನೊಮ್ಮೆ ಫೋನ್ ಮಾಡಿ. ‘ಬೇಡ’ ಅಂದವರ ಫೋಟೊ ನೀವು ಹಾಕಲಿಲ್ಲ ಅನ್ನುವ ಸುದ್ದಿಯೂ ಊರಲ್ಲಿ ಹರಡುತ್ತದೆ. ಮನೆತನದ ಜನ ನಿಮ್ಮ ಹತ್ತಿರ ಬರಲು ಅದೂ ಒಂದು ಕಾರಣ ಆಗುತ್ತದೆ.

ನಮ್ಮ ರೇಟಿಗೆ ಒಗ್ಗದವರನ್ನು ನೋಯಿಸದೆ ಕಳಿಸುವುದು ಹೇಗೆ?

ಕೈಯಲ್ಲಿ ಇನ್ನೊಬ್ಬರ ನಂಬರ್ ಇರಲಿ. ‘ನೀವು ಹೇಳಿದ ಬಜೆಟ್ಟಿಗೆ ಇವರು ಚೆನ್ನಾಗಿ ಮಾಡಿಕೊಡುತ್ತಾರೆ, ನನ್ನ ಹೆಸರು ಹೇಳಿ’ ಅಂದರೆ ಯಾರಿಗೂ ಬೇಜಾರಿಲ್ಲ. ಹಾಗೆ ಕಳಿಸಿದವರು ಕೆಲವು ವರ್ಷ ಬಿಟ್ಟು, ಮಗಳ ಸೀಮಂತಕ್ಕೆ ವಾಪಸ್ ಬರುವುದುಂಟು.

ಜಿಎಸ್‌ಟಿ ಬಿಲ್ ಕೊಡಲೇಬೇಕಾ?

ಸೇವೆ ಕೊಡುವವರ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಮಾಡಿಸಬೇಕು. ಫೋಟೊಗ್ರಫಿ ಸೇವೆಗೆ 18% ತೆರಿಗೆ. ಅದಕ್ಕಿಂತ ಕಡಿಮೆ ಇದ್ದರೂ ರಸೀದಿ ಪುಸ್ತಕ ಇಟ್ಟುಕೊಳ್ಳಿ, ಅಡ್ವಾನ್ಸ್‌ಗೂ ರಸೀದಿ ಕೊಡಿ. ನೋಂದಣಿ ಆದಮೇಲೆ ರೇಟ್ ಹೇಳುವಾಗ ತೆರಿಗೆ ಸೇರಿಸಿಯೇ ಹೇಳಿ. ಫೋಟೊ ಆರಿಸಿ ಖುಷಿಯಾಗಿ ಕೂತವರ ಮುಂದೆ ಕೊನೆಯಲ್ಲಿ ‘ಜಿಎಸ್‌ಟಿ ಬೇರೆ’ ಅನ್ನಬೇಡಿ.